ಮೂಲವೂ ಮೂಲ್ಯವೂ

‘ಮೂಲ’ ಎಂಬ ಶಬ್ದಕ್ಕೆ ಬೇರು ಎಂಬುದು ಮೊದಲ ಅರ್ಥ. ಹುಟ್ಟಿದ ಎಡೆ, ಕಾರಣ, ವ್ಯಾಪಾರಕ್ಕೆ ಹೂಡಿದ ಬಂಡವಾಳ ಎಂಬವು ಅದರಿಂದ ಕವಲೊಡೆದ ಅರ್ಥಗಳು. ಬೆಲೆ ಎಂಬರ್ಥದ ‘ಮೂಲ್ಯ’ ಶಬ್ದವನ್ನು ಪಾಣಿನಿಯು ಈ ಮೂಲಶಬ್ದದಿಂದಲೇ ಸಾಧಿಸಿಕೊಟ್ಟಿದ್ದಾನೆ. ವಸ್ತುವಿನ ಬೇರನ್ನು ಅರಿಯದವನಿಗೆ ಅದರ ಬೆಲೆ ತಿಳಿಯದೆಂಬ ಲೋಕಾನುಭವವು ವ್ಯಾಕರಣದ ಒಂದು ಪ್ರತ್ಯಯದಲ್ಲಿ ಅಡಗಿ ಕುಳಿತಂತಿದೆ. ರತ್ನಪರೀಕ್ಷೆ, ಅಶ್ವಪರೀಕ್ಷೆಗಳೆಂಬ ಶಾಸ್ತ್ರಗಳು ಬೆಳೆದದ್ದೂ ಇದೇ ಕಾರಣದಿಂದ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, ಇಂದು ರತ್ನದಷ್ಟೇ ಸೂಕ್ಷ್ಮವಾದ ಪರೀಕ್ಷೆಗೆ ಗುರಿಯಾಗಿರುವ ವಸ್ತುವೊಂದಿದೆ. ಅದು ಹಳೆಯ ವಿದ್ಯುತ್ ಗಿಟಾರು. ಅದರ ದೊಡ್ಡ ಕ್ರಯವಿಕ್ರಯಗಳು ನ್ಯೂಯಾರ್ಕ್, ಲಂಡನ್ನುಗಳ ಹರಾಜುಶಾಲೆಗಳಲ್ಲಿ ನಡೆಯುತ್ತವೆ. ಆದರೆ ಅದರ ಬೇರನ್ನು ಅರಸುತ್ತ ಹೊರಟವನ ದಾರಿಯಲ್ಲಿ ಕಾರವಾರ-ಅಂಕೋಲೆಗಳ ಬೆನ್ನಿಗಿರುವ ಕಾಡೂ ಎದುರಾಗುತ್ತದೆಂಬುದು ಸೋಜಿಗದ ಸಂಗತಿ.

ಕರಾವಳಿಯ ಈ ಎರಡು ತಾಲೂಕುಗಳಿಗೆ ವಾದ್ಯಗಳು ಹೊಸವಲ್ಲ. ಯಕ್ಷಗಾನದ ಚಂಡೆ ಮದ್ದಲೆಗಳು, ಹಾಲಕ್ಕಿ ಒಕ್ಕಲಿಗರ ಗುಮಟೆ, ಭಜನಾಮಂದಿರಗಳ ಹಾರ್ಮೋನಿಯಂ, ಕ್ರೈಸ್ತರ ಮನೆಗಳ ಪಿಟೀಲು ಗಿಟಾರುಗಳು, ಇವೆಲ್ಲವೂ ಒಂದೇ ಕಡಲಗಾಳಿಯಲ್ಲಿ ನುಡಿದಿವೆ. ಹಳೆಯ ವಾದ್ಯಕ್ಕೆ ಹೆಚ್ಚಿನ ಬೆಲೆಯೆಂಬ ಮಾತೂ ಇಲ್ಲಿಯವರಿಗೆ ಹೊಸದಲ್ಲ. ಪ್ಯಾರಿಸ್ಸಿನ ಸ್ವರಗಳನ್ನು ಕೂಡಿಸಿದ ಹಳೆಯ ಹಾರ್ಮೋನಿಯಮ್ಮನ್ನೂ, ಮೀರಜಿನ ಕುಶಲಿಗಳು ಕಟ್ಟಿದ ಹಳೆಯ ತಂಬೂರಿಯನ್ನೂ ಗಾಯಕರು ಅರಸಿ ಕೊಳ್ಳುವುದುಂಟು. ಪಳಗಿದ ಕಟ್ಟಿಗೆಗೂ ಪಳಗಿದ ಕಂಠಕ್ಕೂ ಹೋಲಿಕೆಯುಂಟೆಂದು ತಿಳಿದ ನಾಡಿಗೆ ಗಿಟಾರಿನ ಕಥೆಯನ್ನು ವಿವರಿಸುವುದು ಕಷ್ಟವಲ್ಲ.

ವಿದ್ಯುತ್ ಗಿಟಾರಿನ ನಾದಕ್ಕೆ ತಂಬೂರಿಯ ಕುಂಬಳಬುರುಡೆಯಂತೆ ಟೊಳ್ಳಾದ ಒಡಲು ಬೇಕಿಲ್ಲ. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಅಯಸ್ಕಾಂತದ ಕ್ಷೇತ್ರವು ಕದಲುತ್ತದೆ. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಬಿಗಿದ ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಆಗ ಅತ್ಯಲ್ಪವಾದ ವಿದ್ಯುತ್ತು ಹರಿಯುತ್ತದೆ. ಧ್ವನಿವರ್ಧಕವು ಅದನ್ನು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ಅಮೆರಿಕದಲ್ಲಿ ರಿಕನ್‌ಬ್ಯಾಕರ್ ಹೆಸರಿನ ಇಂಥ ವಾದ್ಯವು 1932ರಲ್ಲಿ ಮಾರುಕಟ್ಟೆಗೆ ಬಂದಿತು. ಗಟ್ಟಿಮರದ ಹಲಗೆಯಿಂದ ಮಾಡಿದ ಫೆಂಡರ್ ಸಂಸ್ಥೆಯ ಗಿಟಾರು 1950ರಲ್ಲಿ ಹೊರಬಂದು ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರು ಪಡೆಯಿತು. 1952ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್, 1954ರಲ್ಲಿ ಫೆಂಡರಿನ ಸ್ಟ್ರಾಟೋಕಾಸ್ಟರ್ ಬಂದವು. ಭಾರತದ ಪುರಾವಸ್ತು ಕಾಯಿದೆಯು 1972ರಲ್ಲಿ ವಿಧಿಸಿದ ನೂರು ವರ್ಷಗಳ ಗಡಿಯನ್ನು ಇವುಗಳಲ್ಲಿ ಯಾವುದೂ ಇನ್ನೂ ಮುಟ್ಟಿಲ್ಲ. ಆದ್ದರಿಂದ ಕಾನೂನಿನ ಕಣ್ಣಿಗೆ ಇವು ಬರಿಯ ಬಳಸಿದ ಸರಕು. ಬಲ್ಲವರ ಕಣ್ಣಿಗೆ ಮಾತ್ರ ನಿಧಿ.

ನಿಧಿಯಾದ ಬಗೆಯೂ ವಿಚಿತ್ರವಾಗಿದೆ. 1958ರಿಂದ 1960ರ ವರೆಗೆ ಗಿಬ್ಸನ್ ಸಂಸ್ಥೆಯು ಸೂರ್ಯಾಸ್ತದ ಬಣ್ಣದ ಲೆಸ್ ಪಾಲ್ ಗಿಟಾರುಗಳನ್ನು ತಯಾರಿಸಿತು. ಮುನ್ನೂರು ಡಾಲರಿಗೂ ಕಡಿಮೆ ಬೆಲೆಗೆ ಇಟ್ಟರೂ ಸಾಕಷ್ಟು ಗಿರಾಕಿಗಳು ದೊರೆಯದೆ ಆ ಮಾದರಿಯನ್ನು ನಿಲ್ಲಿಸಲಾಯಿತು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಅಂಥದೊಂದನ್ನು ನುಡಿಸಿದ ಧ್ವನಿಮುದ್ರಿಕೆ ಹೊರಬಂದ ಮೇಲೆ ತರುಣ ವಾದಕರೆಲ್ಲ ಅದನ್ನು ಹುಡುಕತೊಡಗಿದರು. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ವಸ್ತುವು ಈಗ ಲಕ್ಷಾಂತರ ಡಾಲರುಗಳಿಗೆ ಕೈಬದಲಾಗುತ್ತಿದೆ. ಹಾಗೆಯೇ 1965ರ ಜನವರಿಯಲ್ಲಿ ಫೆಂಡರ್ ಸಂಸ್ಥೆಯನ್ನು ಸಿಬಿಎಸ್ ಎಂಬ ದೊಡ್ಡ ಕಂಪನಿಯು 1 ಕೋಟಿ 30 ಲಕ್ಷ ಡಾಲರುಗಳಿಗೆ ಕೊಂಡಿತು. ಆ ಕೈಬದಲಿಗೆ ಮುನ್ನ ತಯಾರಾದದ್ದೇ ಶ್ರೇಷ್ಠವೆಂದು ವ್ಯಾಪಾರಿಗಳು ಇಂದಿಗೂ ಎಣಿಸುತ್ತಾರೆ.

ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಮೂಲದ್ದೆಷ್ಟು, ಅನಂತರದ್ದೆಷ್ಟು? ನುರಿತ ಪರೀಕ್ಷಕನು ನಾಲ್ಕು ತಿರುಪುಗಳನ್ನು ಸಡಿಲಿಸಿ ಕೊರಳನ್ನು ಒಡಲಿನಿಂದ ಬಿಡಿಸುತ್ತಾನೆ. ಫೆಂಡರಿನಲ್ಲಿ ಕೊರಳ ಬುಡದ ಮೇಲೆ ಸೀಸಕಡ್ಡಿಯಿಂದ ಬರೆದ ಅಥವಾ ಮುದ್ರೆಯೊತ್ತಿದ ತಾರೀಖು ಸಾಮಾನ್ಯವಾಗಿ ಇರುತ್ತದೆ. ನಾದವನ್ನು ಏರಿಸಿ ಇಳಿಸುವ ಗುಂಡಿಯ ಅಡಿಯ ಲೋಹಬಿಲ್ಲೆಯಲ್ಲಿ ತಯಾರಕರ ಗುರುತು, ವರ್ಷ, ವಾರಗಳನ್ನು ಸೂಚಿಸುವ ಅಂಕಿಗಳಿರುತ್ತವೆ. ಬೆಸುಗೆ ಹಿಂದಿನದೋ ಮೊನ್ನೆಯದೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಾನೆ. ಕತ್ತಲಕೋಣೆಯಲ್ಲಿ ನೇರಳಾತೀತ ಬೆಳಕನ್ನು ಹಾಯಿಸಿದರೆ ಹಳೆಯ ಮೆರುಗೆಣ್ಣೆ ಒಂದು ಬಗೆಯಾಗಿ, ಹೊಸ ಲೇಪ ಇನ್ನೊಂದು ಬಗೆಯಾಗಿ ಹೊಳೆಯುತ್ತದೆ. ಮೂಲದ ಬಣ್ಣವನ್ನು ಕೆರೆದು ಹೊಸತಾಗಿ ಬಳಿದಿದ್ದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಈ ಬಳಗದ ಲೆಕ್ಕಾಚಾರ. ಚಂದಗೊಳಿಸಹೋಗಿ ಬೆಲೆ ಕಳೆದುಕೊಂಡ ಈ ನಿದರ್ಶನವು ಹಳೆಯ ಓಲೆಗರಿಗಳನ್ನೂ ಶಿಲಾಶಾಸನಗಳನ್ನೂ ತಿದ್ದಹೊರಟವರಿಗೂ ಪಾಠವಾಗುವಂತಿದೆ.

ಆದರೂ ಬಿಡಿಭಾಗಗಳ ಪ್ರಾಚೀನತೆಯೇ ಸರ್ವಸ್ವವೆನ್ನಲಾಗದು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡ ಕಪ್ಪು ಸ್ಟ್ರಾಟೋಕಾಸ್ಟರಿನ ಕೊರಳು ಹಲವು ಸಲ ಬದಲಾಗಿತ್ತು. ಒಳಗಿನ ಅಂಗಗಳೂ ಬದಲಾಗಿದ್ದವು. ಆದರೆ ಆ ಬದಲಾವಣೆಗಳನ್ನು ಬಚ್ಚಿಟ್ಟಿರಲಿಲ್ಲ. 2019ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 39,75,000 ಡಾಲರುಗಳಿಗೆ ಮಾರಾಟವಾಯಿತು. ಅಂದು ಗಿಲ್ಮರ್ ಮಾರಿದ ಗಿಟಾರುಗಳಿಂದ ಒಟ್ಟು 2 ಕೋಟಿ 10 ಲಕ್ಷಕ್ಕೂ ಹೆಚ್ಚು ಡಾಲರು ಕೂಡಿತು; ಅದನ್ನು ಅವರು ಪರಿಸರ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದಕ್ಕೆ ದಾನವಿತ್ತರು. ಬದಲಾದದ್ದನ್ನು ಬದಲಾಗಿದೆಯೆಂದೇ ಹೇಳಿ ಮಾರಿದರೆ ಅದು ಇತಿಹಾಸ. ಮುಚ್ಚಿಟ್ಟು ಮಾರಿದರೆ ಅದು ವಂಚನೆ.

ಈ ಮಾತನ್ನು ಕೊಳ್ಳುವವನಿಗೂ ಅನ್ವಯಿಸಿ ನೋಡಬೇಕು. ಕಾರವಾರದಲ್ಲಿ ಹಡಗಿನ ಕೆಲಸಕ್ಕೆ ಹೋಗಿ ಬಂದವರ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನ ದೂರದ ಬಂದರಿನಿಂದ ತಂದ ಗಿಟಾರು ಅಟ್ಟದ ಮೇಲಿದೆ. ನುಡಿಸುತ್ತಿದ್ದ ಕೈ ಇಂದಿಲ್ಲ. ಒಂದು ದಿನ ಬಲ್ಲವನೊಬ್ಬ ಬಂದು, ಹಳೆಯ ಸಾಮಾನೆಂದು ನಟಿಸಿ, ನಾಲ್ಕು ಸಾವಿರ ರೂಪಾಯಿ ಎಣಿಸಿಟ್ಟು ಅದನ್ನು ಒಯ್ಯುತ್ತಾನೆ. ಅವನು ಸುಳ್ಳಾಡಲಿಲ್ಲ, ತಿಳಿದದ್ದನ್ನು ಹೇಳಲಿಲ್ಲ, ಅಷ್ಟೆ. ಮಾರಿದವರು ಬೇಡವೆಂದು ತಡೆಯಲೂ ಇಲ್ಲ. ನ್ಯಾಯಾಲಯದಲ್ಲಿ ನಿಲ್ಲುವ ದೋಷ ಇದರಲ್ಲಿ ಕಾಣದಿರಬಹುದು. ಆದರೂ ಮನೆಯವರ ಅಜ್ಞಾನವನ್ನೇ ತನ್ನ ಲಾಭದ ಮೂಲಧನವಾಗಿ ಮಾಡಿಕೊಂಡವನ ಗಳಿಕೆಯನ್ನು ಸತ್ಯಶುದ್ಧವೆಂದು ಕರೆಯಲು ಯಾರ ನಾಲಗೆಯೂ ಏಳದು. ವಿದ್ಯೆಯು ಇನ್ನೊಬ್ಬರ ಅರಿಯದ ತನವನ್ನು ಕಳೆಯಲು ಇದೆಯೋ, ಅದರ ಮೇಲೆ ಬಡ್ಡಿ ಎತ್ತಲು ಇದೆಯೋ ಎಂಬ ಪ್ರಶ್ನೆ ಶಾಲೆಯೆಂಬ ಸ್ಥಳದಲ್ಲಿ ಕೇಳಲೇಬೇಕಾದದ್ದು.

ಅಂಥ ಮನೆಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಬಣ್ಣ ಬಳಿಯಬಾರದು, ತುಕ್ಕು ಹಿಡಿದ ಹಳೆಯ ತಿರುಪನ್ನೂ ಎಸೆಯಬಾರದು, ಪೆಟ್ಟಿಗೆ, ರಶೀದಿ, ನುಡಿಸುತ್ತಿದ್ದವರ ಭಾವಚಿತ್ರಗಳನ್ನು ವಾದ್ಯದೊಡನೆಯೇ ಇಡಬೇಕು, ಒಬ್ಬರ ಮಾತನ್ನು ನಂಬಿ ಮಾರದೆ ಇಬ್ಬರು ಮೂವರನ್ನು ವಿಚಾರಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಕಡಲತಡಿಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಉಪ್ಪುಗಾಳಿ ತಂತಿಯನ್ನೂ ಲೋಹವನ್ನೂ ತಿನ್ನುತ್ತದೆ. ಆಷಾಢ ಶ್ರಾವಣಗಳ ತೇವವು ಮರವನ್ನು ಉಬ್ಬಿಸುತ್ತದೆ, ಬೇಸಗೆ ಅದನ್ನು ಕುಗ್ಗಿಸುತ್ತದೆ. ಕೊರಳು ಬಾಗದಿರಲೆಂದು ಅದರೊಳಗೆ ಉಕ್ಕಿನ ಸಲಾಕೆಯನ್ನು ಹುದುಗಿಸಿರುತ್ತಾರೆ. ಅದನ್ನು ತಿರುಗಿಸಿ ಸರಿಪಡಿಸುವ ಕೆಲಸ ತಿಳಿದವರದೇ ಹೊರತು ಬಲವಂತರದಲ್ಲ.

ಇಷ್ಟೆಲ್ಲ ಮೂಲಶೋಧನೆ ನಡೆಸುವ ಈ ವ್ಯಾಪಾರವು ಒಂದು ಮೂಲವನ್ನು ಮಾತ್ರ ಕೇಳುವುದೇ ಅಪೂರ್ವ. ಬೆರಳುಗಳು ಓಡಾಡುವ ಕಪ್ಪುಗೆಂಪಿನ ಪಟ್ಟಿ ಯಾವ ಕಾಡಿನದು? ಫೆಂಡರ್ ಸಂಸ್ಥೆಯು 1958-59ರಿಂದ ಬೆರಳುಪಟ್ಟಿಗೆ ಬೀಟೆಯ ಕುಲದ ಮರವನ್ನು ಬಳಸತೊಡಗಿತು. ಮೊದಲು ಅದು ಬ್ರೆಜಿಲ್ ದೇಶದ ಬೀಟೆ. 1960ರ ದಶಕದಲ್ಲಿ ಅದರ ಸ್ಥಾನಕ್ಕೆ ಭಾರತದ ಬೀಟೆ ಬಂದಿತು. ಬ್ರೆಜಿಲ್ಲಿನ ದಿಮ್ಮಿಗಳು ದುರ್ಲಭವಾದಾಗ ಅಮೆರಿಕದ ಹಳೆಯ ಗಿಟಾರು ಸಂಸ್ಥೆಯಾದ ಮಾರ್ಟಿನ್ ಕೂಡ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಪಶ್ಚಿಮಘಟ್ಟದ ಈ ಮರವೇ ಮರಾಠಿಗರ ಶಿಸವಿ, ಸಸ್ಯಶಾಸ್ತ್ರಜ್ಞರ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಸಾಗುವಾನಿ, ಗಂಧಗಳೊಡನೆ ಇದನ್ನೂ ಸರಕಾರದ ಮೀಸಲು ಮರವೆಂದು ಎಣಿಸಿದ್ದರು. ಗಿಟಾರಿನ ಕೊರಳಲ್ಲಿ ಕಾರ್ಖಾನೆಯ ತಾರೀಖು ಉಂಟು. ಮರ ನಿಂತಿದ್ದ ಊರಿನ ಹೆಸರಿಲ್ಲ.

ಬೀಟೆಜಾತಿಯ ಮರದಿಂದಲೇ ಇಡಿಯಾಗಿ ಕಡೆದ ಟೆಲಿಕಾಸ್ಟರ್ ಒಂದನ್ನು ಫೆಂಡರ್ ಸಂಸ್ಥೆಯು 1968ರಲ್ಲಿ ಜಾರ್ಜ್ ಹ್ಯಾರಿಸನ್ನರಿಗಾಗಿ ಮಾಡಿಸಿತು. ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿತ ಬೀಟಲ್ಸ್ ತಂಡದ ವಾದಕರೇ ಇವರು. 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ಆ ತಂಡವು ನಡೆಸಿದ ಕೊನೆಯ ಬಹಿರಂಗ ವಾದನದಲ್ಲಿ ಅವರು ನುಡಿಸಿದ್ದು ಅದನ್ನೇ. ಅದೇ ವರ್ಷ ಅವರು ಅದನ್ನು ಗೆಳೆಯನಾದ ಡೆಲನಿ ಬ್ರಾಮ್ಲೆಟ್ಟರಿಗೆ ಕೊಟ್ಟುಬಿಟ್ಟರು. ಹ್ಯಾರಿಸನ್ 2001ರಲ್ಲಿ ತೀರಿಕೊಂಡರು. 2003ರಲ್ಲಿ ಆ ಗಿಟಾರು ಹರಾಜಿಗೆ ಬಂದಾಗ ಅವರ ಪತ್ನಿ ಒಲಿವಿಯಾ ಪರವಾಗಿ 4,34,750 ಡಾಲರಿಗೆ ಅದನ್ನು ಬಿಡಿಸಿಕೊಳ್ಳಲಾಯಿತು. ಪತಿ ಬಿಡಿಗಾಸು ಪಡೆಯದೆ ಕೊಟ್ಟದ್ದನ್ನು ಪತ್ನಿ ಇಷ್ಟು ತೆತ್ತು ಮನೆಗೆ ತಂದರು. ಈ ಎರಡರಲ್ಲಿ ಯಾವುದೂ ವ್ಯಾಪಾರದ ಲೆಕ್ಕಕ್ಕೆ ಸಿಗುವಂಥದಲ್ಲ.

ಮರಕ್ಕೆ ಬೆಲೆ ಏರಿದಂತೆ ಕಾಡಿಗೆ ಕೇಡು ಏರಿತು. ಬ್ರೆಜಿಲ್ಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ಸೈಟಿಸ್ ಒಪ್ಪಂದವು ಬಹುಮಟ್ಟಿಗೆ ನಿಷೇಧಿಸಿತು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವೇ ನಿಯಂತ್ರಣಕ್ಕೆ ಒಳಪಟ್ಟು, ಗಿಟಾರು ಮಾರುವವರು ಗಡಿಗಡಿಗೂ ಪತ್ರ ಹಿಡಿದು ನಿಲ್ಲಬೇಕಾಯಿತು. 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತಾದರೂ ಬ್ರೆಜಿಲ್ಲಿನ ಬೀಟೆಯುಳ್ಳ ಹಳೆಯ ಗಿಟಾರು ಅನುಮತಿಯಿಲ್ಲದೆ ದೇಶ ದಾಟುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಳಿ ಕಣಿವೆಯ ಎಷ್ಟೋ ಕಾಡು ಜಲಾಶಯಗಳ ಅಡಿ ಸೇರಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದು ಸುಮ್ಮನೆ ಅಲ್ಲ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಲಸಿ ಗೌಡರು ಅಕ್ಷರ ಕಲಿತವರಲ್ಲ. ಎಳವೆಯಲ್ಲಿಯೇ ತಾಯಿಯೊಡನೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ದಿನಗೂಲಿಗೆ ಹೋದವರು, ದಶಕಗಳ ಕಾಲ ಬೀಜ ಆಯ್ದು, ಸಸಿ ಮಾಡಿ, ಕಾಡು ಬೆಳೆಸಿದರು. ಕಾಡಿನ ನಡುವೆ ನಿಂತು ಆಯಾ ಜಾತಿಯ ತಾಯಿಮರವನ್ನು ಗುರುತಿಸಬಲ್ಲವರೆಂದೂ, ಯಾವ ಹೊತ್ತಿಗೆ ಬೀಜ ತೆಗೆದರೆ ಮೊಳೆಯುವುದೆಂದು ಬಲ್ಲವರೆಂದೂ ಅವರಿಗೆ ಹೆಸರು. 2020ರ ಪದ್ಮಶ್ರೀ ಗೌರವವನ್ನು 2021ರಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಸ್ವೀಕರಿಸಿದ ಆ ಹಿರಿಯರು 2024ರ ಡಿಸೆಂಬರ್ 16ರಂದು ಕಣ್ಮುಚ್ಚಿದರು. ಹರಾಜುಶಾಲೆಯ ಪರೀಕ್ಷಕನದೂ ಮೂಲದ ಅರಿವು. ಹೊನ್ನಳ್ಳಿಯ ಈ ತಾಯಿಯದೂ ಮೂಲದ ಅರಿವು. ಆತನ ಅರಿವಿಗೆ ವಸ್ತು ಮುಗಿದ ಮೇಲೆ ಬೆಲೆ ದೊರೆಯುತ್ತದೆ. ಈಕೆಯ ಅರಿವು ವಸ್ತು ಹುಟ್ಟುವುದಕ್ಕೂ ಮೊದಲೇ ದಿನಗೂಲಿಗೆ ದುಡಿದು ಹೋಗಿರುತ್ತದೆ.

ಬೀಟೆ ನಿಧಾನವಾಗಿ ಬೆಳೆಯುವ ಮರ. ನೆಟ್ಟವರ ಕಾಲಕ್ಕೆ ಅದು ದಿಮ್ಮಿಯಾಗುವುದಿಲ್ಲ. ಆದರೆ ಅದಕ್ಕೆ ಒಂದು ಗುಣವುಂಟು. ಬೀಜದಿಂದ ಹುಟ್ಟುವಂತೆಯೇ ಅದು ಬೇರಿನಿಂದಲೂ ಚಿಗುರುತ್ತದೆ. ಕಡಿದ ಮರದ ಸುತ್ತ, ನೆಲದಡಿಯ ಬೇರುಗಳಿಂದ ಹೊಸ ಸಸಿಗಳು ಮೇಲೇಳುತ್ತವೆ. ಬೇರಿಗೆ ನೆಲವನ್ನೂ ಕಾಲವನ್ನೂ ಬಿಟ್ಟುಕೊಟ್ಟರೆ ಸಾಕು. ಹಳೆಯ ವಾದ್ಯವನ್ನು ಕೊಳ್ಳುವವರು ತಿರುಪಿನ ವಯಸ್ಸನ್ನು ವಿಚಾರಿಸುವಾಗ ಮರದ ಊರನ್ನೂ ವಿಚಾರಿಸಲಿ. ಮಾರುವವರು ಬಲ್ಲಷ್ಟನ್ನು ಬಚ್ಚಿಡದೆ ಹೇಳಲಿ. ದಾನಶೀಲರು ಶಾಲೆಗೊಂದು ವಾದ್ಯವನ್ನು ಕೊಡುವಾಗ ಅಂಗಳಕ್ಕೊಂದು ಬೀಟೆಯ ಸಸಿಯನ್ನೂ ಕೊಡಲಿ. ಆ ಸಸಿ ವಾದ್ಯವಾಗುವುದನ್ನು ಇಂದಿನ ಯಾರೂ ಕಾಣಲಾರರು. ಆದರೂ ನೀರೆರೆಯುವ ಮಕ್ಕಳಿಗೆ ಮೂಲ್ಯವೆಂಬ ಶಬ್ದದ ಅರ್ಥವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.