ವಾಪಸ್ ಕೊಟ್ಟ ಕಪ್

ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಊರಿನ ಹೆಸರು ಕೇರಿ. ಮೊದಲ ಸಲ ಫೋನಲ್ಲಿ ಹೇಳಿದಾಗ ಅಮ್ಮ, ‘ಅದು ಗೊತ್ತಾಯ್ತು ಕಣೋ, ಯಾವ ಕೇರಿ?’ ಅಂದಿದ್ದಳು. ಐಟಿಯವರು ತುಂಬಿರೋ ಊರು. ಅಂಗಡಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡಲ್ಲ. ಇಲ್ಲಿನ ವೇಕ್‌ಮೆಡ್ ಸಾಕರ್ ಪಾರ್ಕ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಫೈನಲ್ ಮತ್ತೆ ಮತ್ತೆ ನಡೆಯುತ್ತೆ. ಇವರು ಅದನ್ನು ಸಾಕರ್ ಅಂತಾರೆ. ಇವರ ‘ಫುಟ್‌ಬಾಲ್’ ಬೇರೆಯೇ, ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ.

2024ರ ಡಿಸೆಂಬರ್ 16, ಸೋಮವಾರ. ಕೊನೆಯ ಮೀಟಿಂಗ್ ಮುಗಿಸಿ, ಹೆಂಡತಿ ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನವನ್ನು ಕಾರಲ್ಲೇ ತಿಂದು ಒಬ್ಬನೇ ಫೈನಲ್‌ಗೆ ಹೋದೆ. ವರ್ಮಾಂಟ್ ಮತ್ತು ಮಾರ್ಷಲ್ ವಿಶ್ವವಿದ್ಯಾಲಯಗಳ ನಡುವಿನ ಪಂದ್ಯ. ಹದಿನೈದು ವರ್ಷದಿಂದ ಕಾಲೇಜು ಫುಟ್‌ಬಾಲ್ ಅಂದರೆ ದೂರ ಸರಿಯುತ್ತಿದ್ದವನು ನಾನು. ಕಾರಣ ಆಮೇಲೆ ಹೇಳ್ತೀನಿ.

ಈ ಟೂರ್ನಿಯ ಲೆಕ್ಕ ಸರಳ. 2001ರಿಂದ 48 ತಂಡಗಳು. ಲೀಗ್ ಇಲ್ಲ, ಎರಡನೇ ಚಾನ್ಸ್ ಇಲ್ಲ. ಸೋತ ದಿನವೇ ಗಂಟುಮೂಟೆ. ಪ್ರಾದೇಶಿಕ ಕೂಟಗಳಲ್ಲಿ ಗೆದ್ದವರಿಗೆ ನೇರ ಪ್ರವೇಶ, ಉಳಿದವರನ್ನು ಒಂದು ಸಮಿತಿ ಆರಿಸುತ್ತೆ. ಶ್ರೇಯಾಂಕ ಸಿಕ್ಕ 16 ತಂಡಗಳು ಮೊದಲ ಸುತ್ತು ಆಡೋದೇ ಇಲ್ಲ. ಮಿಕ್ಕ 32 ತಂಡಗಳು ಹೊಡೆದಾಡಿ ಹದಿನಾರಾಗಿ ಬಂದ ಮೇಲೆ ಅವರನ್ನು ತಮ್ಮ ಮೈದಾನಕ್ಕೆ ಕರೆಸಿಕೊಂಡು ಆಡುತ್ತವೆ. ಕೊನೆಯ ನಾಲ್ಕು ತಂಡಗಳಿಗೆ ಮಾತ್ರ ಮೊದಲೇ ಗೊತ್ತುಮಾಡಿದ ಒಂದೇ ಜಾಗ. ಅದಕ್ಕೆ ‘ಕಾಲೇಜ್ ಕಪ್’ ಅಂತ ಹೆಸರು. ನವೆಂಬರ್ ಮಧ್ಯದಲ್ಲಿ ಶುರುವಾಗಿ ಡಿಸೆಂಬರ್ ಮಧ್ಯಕ್ಕೆಲ್ಲ ಮುಗಿದುಹೋಗುತ್ತೆ. ಹೆಚ್ಚುವರಿ ಸಮಯ ಹತ್ತತ್ತು ನಿಮಿಷದ ಎರಡು ಅವಧಿ, ಆಗಲೂ ಸಮವಾದರೆ ಪೆನಾಲ್ಟಿ ಕಿಕ್.

ಮೊದಲೆಲ್ಲ ಹೀಗಿರಲಿಲ್ಲ. 1959ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸೋ ಸಂಸ್ಥೆ) ಈ ಟೂರ್ನಿ ಶುರುಮಾಡಿದಾಗ ಇದ್ದದ್ದು ಎಂಟೇ ತಂಡ. ಫೈನಲ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಬ್ರಿಜ್‌ಪೋರ್ಟ್ ತಂಡವನ್ನು 5-2ರಿಂದ ಸೋಲಿಸಿತು. 1973ರ ಹೊತ್ತಿಗೆ ಹತ್ತು ಪ್ರಶಸ್ತಿ ಅದರದ್ದೇ. ಅದರಲ್ಲೊಂದು ಹಂಚಿಕೊಂಡದ್ದು: 1967ರ ಫೈನಲ್ ಕೆಟ್ಟ ಹವಾಮಾನಕ್ಕೆ ಅರ್ಧಕ್ಕೇ ನಿಂತು, ಮಿಷಿಗನ್ ಸ್ಟೇಟ್ ಜೊತೆ ಜಂಟಿ ಚಾಂಪಿಯನ್ ಅಂತ ಘೋಷಿಸಿಬಿಟ್ಟರು. 1982ರಲ್ಲಿ ಇಂಡಿಯಾನಾ ತಂಡ ಡ್ಯೂಕ್ ವಿರುದ್ಧ ಗೆಲ್ಲೋಕೆ ಎಂಟು ಹೆಚ್ಚುವರಿ ಅವಧಿ ಆಡಬೇಕಾಯ್ತು. ಪಾಪ, ಆ ಹುಡುಗರ ಕಾಲು!

ಆದರೆ ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊವಾರ್ಡ್ ವಿಶ್ವವಿದ್ಯಾಲಯ. ವಾಷಿಂಗ್ಟನ್ ನಗರದಲ್ಲಿ ಕಪ್ಪು ಜನರ ಶಿಕ್ಷಣಕ್ಕಾಗಿ ಕಟ್ಟಿದ ಸಂಸ್ಥೆ. ಕೋಚ್ ಲಿಂಕನ್ ಫಿಲಿಪ್ಸ್ ಟ್ರಿನಿಡಾಡ್‌ನವರು. ಆಟಗಾರರು ಬಹುತೇಕ ಕೆರಿಬಿಯನ್ ಮತ್ತು ಆಫ್ರಿಕಾದಿಂದ ಓದಲು ಬಂದವರು. 1971ರ ಫೈನಲ್‌ನಲ್ಲಿ ಇವರು ಸೇಂಟ್ ಲೂಯಿಸ್ ತಂಡವನ್ನು 3-2ರಿಂದ ಸೋಲಿಸಿದರು. ಆಮೇಲೆ ತನಿಖೆ. ಕೆಲವು ಆಟಗಾರರಿಗೆ ಅರ್ಹತೆ ಇರಲಿಲ್ಲ ಅಂತ ಹೇಳಿ ಎನ್‌ಸಿಎಎ ಪ್ರಶಸ್ತಿಯನ್ನೇ ಕಿತ್ತುಕೊಂಡಿತು. ಹೊವಾರ್ಡ್ ಕೋರ್ಟಿಗೆ ಹೋಯ್ತು. ಹತ್ತೊಂಬತ್ತು ದಾಟಿದ ಮೇಲೆ ತನ್ನ ದೇಶದಲ್ಲಿ ಆಡಿದ ಪ್ರತಿ ವರ್ಷವನ್ನೂ ವಿದೇಶಿ ವಿದ್ಯಾರ್ಥಿಯ ಕಾಲೇಜು ಆಟದ ಖಾತೆಯಿಂದ ಕಳೆಯುವ ನಿಯಮವೊಂದಿತ್ತು. ಅದು ಸಮಾನತೆಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ಬೇರೆ ನಿಯಮಗಳು ಮಾತ್ರ ಉಳಿದವು. ಕಪ್ ವಾಪಸ್ ಬರಲಿಲ್ಲ.

ನನ್ನ ಕಾರಣಕ್ಕೆ ಬರ್ತೀನಿ. ಮೈಸೂರು ಕಡೆಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಗ ನಮ್ಮ ತಂಡ ಅಂತರ ಕಾಲೇಜು ಕಪ್ ಗೆದ್ದಿತ್ತು. ನಾನು ಅದಕ್ಕೂ ಮೊದಲು ಬೇರೆ ಕಾಲೇಜಲ್ಲಿ ಒಂದು ವರ್ಷ ಓದಿ ಬಿಟ್ಟಿದ್ದೆ. ಅರ್ಹತೆಯ ಫಾರಂನಲ್ಲಿ ಅದನ್ನು ಬರೆಯಬೇಕಿತ್ತು. ಆ ಕಾಲಂ ಖಾಲಿ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಎರಡು ವಾರಕ್ಕೆ ಯಾರೋ ದೂರು ಕೊಟ್ಟರು. ಪಿಟಿ ಮೇಷ್ಟ್ರು ಕಪ್ಪನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಸ್ಕೂಟರ್ ಮುಂದೆ ಇಟ್ಟುಕೊಂಡು ವಾಪಸ್ ಕೊಡಲು ಹೊರಟದ್ದನ್ನು ನಾವು ಹದಿನಾರು ಜನ ನಿಂತು ನೋಡಿದೆವು. ನನಗೆ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೊವಾರ್ಡ್ ಹುಡುಗರ ಪಕ್ಕ ನಾನು ನಿಲ್ಲೋಕಾಗಲ್ಲ. ಅವರಿಗೆ ಎದುರಾದದ್ದು ಪರದೇಶದವರಿಗೆಂದೇ ಬರೆದ ನಿಯಮ. ನನ್ನದು ಶುದ್ಧ ಕಳ್ಳತನ. ಆದರೂ ಇಲ್ಲಿ ವೀಸಾ ಫಾರಂ ತುಂಬುವಾಗಲೆಲ್ಲ ಒಂದೊಂದು ಕಾಲಂ ಮೂರು ಮೂರು ಸಲ ಓದ್ತೀನಿ. ಹೆಂಡತಿ ನಗ್ತಾಳೆ. ಅವಳಿಗೆ ಈ ಕಥೆ ಹೇಳಿರಲಿಲ್ಲ.

1974ರಲ್ಲಿ ಹೊವಾರ್ಡ್ ಮತ್ತೆ ಫೈನಲ್‌ಗೆ ಬಂತು, ಅದೂ ಒಂದು ಪಂದ್ಯವನ್ನೂ ಸೋಲದೆ. ಎದುರಿಗೆ ಅದೇ ಸೇಂಟ್ ಲೂಯಿಸ್, ಅವರದೇ ಊರು, ಅವರದೇ ಜನ. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು 2-1ರಿಂದ ಗೆದ್ದರು. ಈ ಸಲ ಕಪ್ ಅವರ ಹತ್ತಿರವೇ ಉಳಿಯಿತು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಕೇರಿಯ ಚಳಿಯಲ್ಲಿ ಕೂತಿದ್ದೆ. ವರ್ಮಾಂಟ್‌ಗೆ ಶ್ರೇಯಾಂಕವೇ ಇರಲಿಲ್ಲ. ಮೊದಲ ಸುತ್ತಿನಿಂದ ಆಡಿಕೊಂಡು ಬಂದಿದ್ದ ಅವರಿಗೆ ಇದು ಆರನೇ ಪಂದ್ಯ. ಮಾರ್ಷಲ್ ಮೊದಲು ಗೋಲು ಹೊಡೆದರೂ 81ನೇ ನಿಮಿಷದಲ್ಲಿ ಹಂಗೆರಿಯ ಹುಡುಗ ಮಾರ್ಸೆಲ್ ಪಾಪ್ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ, 95ನೇ ನಿಮಿಷಕ್ಕೆ, ಜರ್ಮನಿಯಿಂದ ಬಂದ ಮ್ಯಾಕ್ಸಿಮಿಲಿಯನ್ ಕಿಸೆಲ್ ಚೆಂಡನ್ನು ಬಲೆಗೆ ಸೇರಿಸಿದ. 2-1. ವರ್ಮಾಂಟ್‌ಗೆ ಇದು ಮೊದಲ ಪ್ರಶಸ್ತಿ. ನಾನು ಎದ್ದು ಕೂಗಿದ್ದು ಕನ್ನಡದಲ್ಲಿ; ಪಕ್ಕದ ಅಜ್ಜ ಏನೂ ಅರ್ಥವಾಗದೆ ಕೈ ಕುಲುಕಿದರು.

ಪಾರ್ಕಿಂಗ್‌ನಲ್ಲಿ ಕಾರು ಸ್ಟಾರ್ಟ್ ಮಾಡದೆ ನಮ್ಮ ಹಳೇ ಕ್ಯಾಪ್ಟನ್‌ಗೆ ಮೆಸೇಜ್ ಹಾಕಿದೆ. ಆ ಫಾರಂ ಬೇಕಂತಲೇ ಖಾಲಿ ಬಿಟ್ಟಿದ್ದೆ ಅಂತ. ಅಲ್ಲಿ ಆಗ ಬೆಳಿಗ್ಗೆ, ಅಂಗಡಿ ತೆಗೆಯೋ ಹೊತ್ತು. ‘ಗೊತ್ತಿತ್ತು ಕಣೋ. ಫಾರಂ ಕೊಡೋಕೆ ಹೋಗಿದ್ದು ನಾನೇ ತಾನೆ? ನೋಡಿಯೇ ಕೊಟ್ಟೆ’ ಅಂತ ಉತ್ತರ ಬಂತು. ಅದರ ಹಿಂದೆಯೇ ಒಂದು ಫೋಟೊ. ಗೆದ್ದ ದಿನದ್ದು. ಹದಿನಾರು ಜನ, ಮಂಡಿಯೆಲ್ಲ ಕೆಸರು, ನಡುವೆ ಕಪ್.

‘ಇದನ್ನ ಯಾರೂ ವಾಪಸ್ ಕೇಳ್ಲಿಲ್ಲ. ಗಲ್ಲಾ ಹಿಂದೆ ಗೋಡೆ ಮೇಲಿದೆ. ಊರಿಗೆ ಬಂದಾಗ ಅಂಗಡಿ ಕಡೆ ಬಾ.’

ಮನೆಗೆ ಹೋಗಿ ಮೊದಲು ಹೆಂಡತಿಗೆ ಫೋಟೊ ತೋರಿಸಿದೆ. ‘ಇಷ್ಟು ಸಣ್ಣ ಇದ್ರಾ ನೀವು?’ ಅಂದಳು. ಆಮೇಲೆ ಕೂತು ಪೂರ್ತಿ ಹೇಳಿದೆ.