ಬೋರ್ಡಿಯ ತೀರ, ಕೋಸಬಾಡದ ಗುಡ್ಡ

ಮುಂಬಯಿಯಿಂದ ಉತ್ತರಾಭಿಮುಖವಾಗಿ ಹೊರಡುವ ರೈಲುಗಾಡಿಯು ವಿರಾರನ್ನು ಹಿಂದೆ ಹಾಕಿ ವೈತರಣಾ ನದಿಯ ಸೇತುವೆಯ ಮೇಲೆ ಬಂದೊಡನೆ ಪ್ರಯಾಣಿಕನ ಮನಸ್ಸಿಗೆ ಒಂದು ವಿಧವಾದ ಬಿಡುಗಡೆಯುಂಟಾಗುತ್ತದೆ. ಅಲ್ಲಿಯವರೆಗೆ ಎಡಬಲಗಳಲ್ಲಿ ಮುತ್ತಿಕೊಂಡಿದ್ದ ಮಹಡಿಮನೆಗಳು ದೂರ ಸರಿದು, ಭತ್ತದ ಗದ್ದೆಗಳೂ ತಾಳೆಯ ಮರಗಳೂ ಕಣ್ಣಿಗೆ ಬೀಳತೊಡಗುತ್ತವೆ. ನದಿಯ ಹೆಸರನ್ನು ಕೇಳಿ ನಮ್ಮ ಜೊತೆಯಲ್ಲಿದ್ದ ಹುಡುಗಿಯರಿಬ್ಬರೂ ನಕ್ಕರು. ವೈತರಣಿಯನ್ನು ಗೋದಾನವಿಲ್ಲದೆ, ಕೇವಲ ರೈಲುಚೀಟಿಯ ಬಲದಿಂದಲೇ ದಾಟಿದ ಭಾಗ್ಯ ನಮ್ಮದಾಯಿತೆಂದು ನಾವೂ ನಕ್ಕೆವು.

ಈ ಪ್ರಯಾಣದ ಕಾರಣವನ್ನು ಮೊದಲೇ ತಿಳಿಸಬೇಕು. ಹುಡುಗಿಯರಲ್ಲಿ ಒಬ್ಬಳು ನಮ್ಮ ತಮ್ಮನ ಮಗಳು, ಇನ್ನೊಬ್ಬಳು ಅವಳ ಸಹಪಾಠಿ. 2020ರ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿ 2023-24ರಿಂದ ಕೆಲವು ವಿಶ್ವವಿದ್ಯಾಲಯಗಳಲ್ಲಿಯೂ ಕಾಲೇಜುಗಳಲ್ಲಿಯೂ ಉಪಾಧ್ಯಾಯರಾಗತಕ್ಕವರಿಗೆ 4 ವರ್ಷಗಳ ಪದವಿಯ ವ್ಯಾಸಂಗವು ಏರ್ಪಟ್ಟಿದೆ. 3ರಿಂದ 8 ವರ್ಷದವರೆಗಿನ ಮಕ್ಕಳ ಶಿಕ್ಷಣವೂ ಅದರಲ್ಲಿ ಒಂದು ವಿಭಾಗ. ಇವರಿಬ್ಬರೂ ಆ ವಿಭಾಗವನ್ನು ಆರಿಸಿಕೊಂಡವರು. ಬಾಲವಾಡಿಗಳ ಮೂಲವನ್ನು ಕುರಿತು ಒಂದು ಪ್ರಬಂಧವನ್ನು ಬರೆಯಬೇಕಾಗಿದ್ದುದರಿಂದ ಬೋರ್ಡಿ ಮತ್ತು ಕೋಸಬಾಡಗಳನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದರು. ನಮಗೆ ಮರಾಠಿ ಭಾಷೆಯ ಪರಿಚಯವಿದೆಯಾಗಿ ಜೊತೆಗೆ ಹೋಗುವುದು ನಮ್ಮ ಪಾಲಿಗೆ ಬಂದಿತು.

ಹೊರಡುವ ಹಿಂದಿನ ರಾತ್ರಿ ತಮ್ಮನು ನಮ್ಮನ್ನು ಜಗುಲಿಗೆ ಕರೆದು, “ಅಣ್ಣಯ್ಯ, ಕಾಲೇಜಿನಲ್ಲಿ ಪಾಠ ಹೇಳುವಂತಾಗಲಿ ಎಂದು ಇವಳನ್ನು ಓದಿಸಿದೆ. 4 ವರ್ಷ ಓದಿ, ಕೊನೆಗೆ ಮೂರು ವರ್ಷದ ಮಕ್ಕಳ ಮೂಗೊರಸಲು ಹೋಗುತ್ತಾಳಂತೆ. ನನ್ನ ಮಾತು ಕೇಳುವುದಿಲ್ಲ. ದಾರಿಯಲ್ಲಿ ನೀವಾದರೂ ಬುದ್ಧಿ ಹೇಳಿ” ಎಂದನು. ನಾವು ಒಪ್ಪಿಕೊಂಡೆವು. ತಮ್ಮನ ಮೇಲಣ ದಾಕ್ಷಿಣ್ಯಕ್ಕಾಗಿ ಅಲ್ಲ. ನಮ್ಮ ಅಭಿಪ್ರಾಯವೂ ಅದೇ ಆಗಿತ್ತು. ನಾವು ಕೆಲಸ ಮಾಡುತ್ತಿದ್ದ ಕಡೆ ಅತ್ಯಂತ ಕೆಳಗಿನ ತರಗತಿಯನ್ನು ಅತ್ಯಂತ ಹೊಸಬನಿಗೆ ಕೊಡುವುದು ವಾಡಿಕೆ. ಅವನು ಸ್ವಲ್ಪ ಪಳಗಿದನೆಂದರೆ ಮೇಲಿನ ತರಗತಿಗೆ ಬಡ್ತಿ. ವಿಷ್ಣುಶರ್ಮನು 6 ತಿಂಗಳಲ್ಲಿ ರಾಜಪುತ್ರರನ್ನು ತಿದ್ದಿದ ಕಥೆಯನ್ನು ವರ್ಷಕ್ಕೊಮ್ಮೆ ಹೇಳುತ್ತಿದ್ದ ನಾವು, ಅವನ ಕೈಗೆ ಬರುವ ಮೊದಲು ಆ ಮಕ್ಕಳನ್ನು ಯಾರು ನೋಡಿಕೊಂಡಿದ್ದರೆಂದು ಒಮ್ಮೆಯೂ ಯೋಚಿಸಿದವರಲ್ಲ.

ಡಹಾಣು ರೋಡ್ ನಿಲ್ದಾಣವು ಮುಂಬಯಿಗೆ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಅದರಾಚೆ ಘೋಲವಡ, ಅದಕ್ಕೆ ಹೊಂದಿಕೊಂಡು ಸಮುದ್ರತೀರದಲ್ಲಿ ಬೋರ್ಡಿ. ಇದು ಮಹಾರಾಷ್ಟ್ರದ ಅಂಚು; ಸ್ವಲ್ಪ ಮುಂದೆ ಹೋದರೆ ಗುಜರಾತ. ದಾರಿಯ ಎರಡು ಪಕ್ಕದಲ್ಲಿಯೂ ಸಪೋಟದ ತೋಟಗಳು. ಮರಗಳು ಗುಂಡಾಗಿ, ದಟ್ಟವಾಗಿ, ನೆಲಕ್ಕೆ ಕೊಡೆ ಹಿಡಿದಂತೆ ಬೆಳೆದಿವೆ. ಈ ತೋಟಗಳಿಗೆ ಅಲ್ಲಿಯ ಜನ ‘ವಾಡಿ’ ಎನ್ನುತ್ತಾರೆ. ಇದನ್ನು ಕೇಳಿದ ಮೇಲೆಯೇ ‘ಬಾಲವಾಡಿ’ ಎಂಬ ಮಾತಿನ ಸ್ವಾರಸ್ಯವು ನಮಗೆ ಹೊಳೆದದ್ದು. ಮಕ್ಕಳ ತೋಟ! ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗಲೂ ಅವನ ಮನಸ್ಸಿನಲ್ಲಿದ್ದ ಅರ್ಥವು ಇದೇ.

ಇನ್ನೊಂದು ಶಬ್ದದ ವಿಷಯದಲ್ಲಿ ನಾವು ತಪ್ಪೊಪ್ಪಿಕೊಳ್ಳಬೇಕಾಗಿದೆ. ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿರುವ ‘ಅಂಗನವಾಡಿ’ಯನ್ನು ‘ಅಂಗನೆ’ಯರು ನಡೆಸುವುದರಿಂದ ಆ ಹೆಸರು ಬಂದಿತೆಂದು ನಾವು ಬಹಳ ಕಾಲ ನಂಬಿದ್ದೆವು, ತರಗತಿಯಲ್ಲಿ ಹಾಗೆಂದು ಹೇಳಿಯೂ ಇದ್ದೆವು. ಮರಾಠಿಯಲ್ಲಿ ಅದು ‘ಅಂಗಣವಾಡಿ’. ಸಂಸ್ಕೃತದಲ್ಲಿ ಅಂಗಣ, ಅಂಗನ ಎಂಬ ಎರಡು ರೂಪಗಳಿಗೂ ಮನೆಯ ಮುಂದಿನ ಬಯಲೆಂದೇ ಅರ್ಥ. ಆ ಹೆಸರು ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ತಾರಾಬಾಯಿ ಮೋಡಕರ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ತಾರಾಬಾಯಿಯವರು 1892ರಲ್ಲಿ ಜನಿಸಿದವರು. ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ. ಹೆಣ್ಣುಮಕ್ಕಳು ಪದವಿ ಪಡೆಯುವುದೇ ಅಪೂರ್ವವಾಗಿದ್ದ ಆ ಕಾಲದಲ್ಲಿ, ರಾಜಕೋಟೆಯಲ್ಲಿ ಉಪಾಧ್ಯಾಯಿನಿಯರ ತರಬೇತಿ ಕಾಲೇಜಿನ ಮುಖ್ಯಸ್ಥೆಯಾಗಿದ್ದ ಅವರು ಅದನ್ನು ಬಿಟ್ಟು 1923ರಲ್ಲಿ ಭಾವನಗರಕ್ಕೆ ಹೋಗಿ ಗಿಜುಭಾಯಿ ಬಧೇಕಾರವರನ್ನು ಸೇರಿದರು. ಗಿಜುಭಾಯಿಯವರು ವಕೀಲಿಯನ್ನು ತೊರೆದು 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಕಟ್ಟಿದ್ದರು. ಜನರು ಅವರನ್ನು ಪ್ರೀತಿಯಿಂದ ‘ಮೀಸೆಯುಳ್ಳ ತಾಯಿ’ ಎನ್ನುತ್ತಿದ್ದರು. ಅವರು ಮಕ್ಕಳಿಗೆ ಮಂದಿರವನ್ನು ಕಟ್ಟಿ ಸುಮ್ಮನಾಗಲಿಲ್ಲ. ಶಿಕ್ಷಕರಿಗಾಗಿ 1925ರಲ್ಲಿ ಅಧ್ಯಾಪನ ಮಂದಿರವನ್ನೂ ಆರಂಭಿಸಿದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಸ್ಥಾಪಿಸಿದರು. 1939ರಲ್ಲಿ ಗಿಜುಭಾಯಿಯವರು ತೀರಿಕೊಂಡರು.

ನಗರದ ಮಕ್ಕಳಿಗಾಗಿ ಇಷ್ಟು ನಡೆಯಿತು. ಹಳ್ಳಿಯ ಮಕ್ಕಳ ಗತಿಯೇನು? 1945ರಲ್ಲಿ ತಾರಾಬಾಯಿಯವರು ಬೋರ್ಡಿಗೆ ಬಂದರು. ಹದಿಮೂರನೆಯ ವಯಸ್ಸಿಗೇ ಮದುವೆಯಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಮತ್ತೆ ಓದಿ ಉಪಾಧ್ಯಾಯಿನಿಯಾಗಿದ್ದ ಅನುತಾಯಿ ವಾಘರು ಅವರ ಜೊತೆಗೆ ನಿಂತರು. ಬಾಲವಾಡಿಯನ್ನೇನೋ ತೆರೆದರು, ಆದರೆ ದಲಿತರ ಕೇರಿಯ ಮಕ್ಕಳೂ ವಾರಲಿಯರ ಮಕ್ಕಳೂ ಅದರ ಬಾಗಿಲಿಗೆ ಬರಲಿಲ್ಲ. ಆಗ ಶಿಕ್ಷಕಿಯರು ಸಾಮಗ್ರಿಯನ್ನು ಹೊತ್ತುಕೊಂಡು ಕೇರಿಗೇ ಹೋಗಿ ಅಂಗಳದಲ್ಲಿ ಕುಳಿತರು. ಅದೇ ಅಂಗಣವಾಡಿ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೂ ಹೋದರು. ಮಾಂಟೆಸ್ಸೊರಿಯವರ ಪದ್ಧತಿಯ ಮರದ ಉಪಕರಣಗಳು ಬೆಲೆಬಾಳುವಂಥವು. ಅವುಗಳ ಬದಲು ಕಪ್ಪೆಚಿಪ್ಪು, ಬೀಜ, ಬೆಣಚುಕಲ್ಲು, ಎಲೆಗಳನ್ನು ಆರಿಸಿಕೊಂಡರು. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಈ ಹೆಸರೇ ದೇಶಕ್ಕೆಲ್ಲ ಹಬ್ಬಿತು. ಆ 33ರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು.

ಇಷ್ಟು ಪುಸ್ತಕದಿಂದ ತಿಳಿಯಬಹುದಾದ ಸಂಗತಿ. ಇನ್ನು ನಾವು ಕಂಡದ್ದನ್ನು ಹೇಳುತ್ತೇವೆ.

ಬೋರ್ಡಿಯ ಸಮುದ್ರವು ಇಳಿತದ ಹೊತ್ತಿನಲ್ಲಿ ಬಹು ದೂರಕ್ಕೆ ಹಿಂಜರಿಯುತ್ತದೆ. ಬೆಳಗ್ಗೆ ನಾವು ಗಾಳಿಮರಗಳ ನೆರಳಿನಲ್ಲಿ ನಿಂತು ನೋಡಿದಾಗ ನೀರು ಎಲ್ಲಿದೆಯೆಂದು ಹುಡುಕಬೇಕಾಯಿತು. ಹುಡುಗಿಯರು ಒದ್ದೆಯ ಮರಳಿನಲ್ಲಿ ಅಲೆದು ಒಂದು ಚೀಲ ಚಿಪ್ಪುಗಳನ್ನು ಕೂಡಿಸಿದರು. ಆದರೆ ಪಾಠಕ್ಕೆಂದು ಅವರು ಊರಿನಿಂದ ತಂದಿದ್ದುದು ಬೇರೆ: ಆನೆ, ಇಲಿ ಮುಂತಾದ ಬಣ್ಣದ ಚಿತ್ರಗಳನ್ನು ಅಚ್ಚುಹಾಕಿದ ರಟ್ಟಿನ ಹಾಳೆಗಳು.

ಹತ್ತು ಗಂಟೆಗೆ ಸಮೀಪದ ಒಂದು ವಾರಲಿಯರ ಪಾಡಿಗೆ ಹೋದೆವು. ಕಡ್ಡಿಗಳನ್ನು ಹೆಣೆದು ಮಣ್ಣು ಮೆತ್ತಿದ ಗೋಡೆಗಳು. ಒಂದು ಗೋಡೆಯ ಮೇಲೆ ಯಾವುದೋ ಮದುವೆಯಲ್ಲಿ ಅಕ್ಕಿಹಿಟ್ಟಿನಿಂದ ಬರೆದ ಬಿಳಿಯ ಚಿತ್ರವು ಅರ್ಧ ಅಳಿಸಿತ್ತು. ಸಗಣಿ ಸಾರಿಸಿದ ಅಂಗಳದಲ್ಲಿ ಹತ್ತು ಹನ್ನೆರಡು ಮಕ್ಕಳಿದ್ದರು. ಅವರನ್ನು ನೋಡಿಕೊಳ್ಳುವಾಕೆ ನಡುವಯಸ್ಸಿನ ಹೆಂಗಸು. ಮಕ್ಕಳು ‘ಬಾಯಿ’ ಎಂದು ಕೂಗುತ್ತಿದ್ದರು. ಹೆಚ್ಚು ಓದಿದವಳಲ್ಲ. ನಮ್ಮ ಹುಡುಗಿಗೆ ಒಂದು ಪಾಠ ಮಾಡಲು ಆಕೆ ಸಂತೋಷದಿಂದ ಅನುಮತಿ ಕೊಟ್ಟಳು.

ಪಾಠದ ವಿಷಯ ‘ದೊಡ್ಡದು, ಚಿಕ್ಕದು’. ರೈಲಿನಲ್ಲಿ ನಾವು ಹೇಳಿಕೊಟ್ಟಿದ್ದ ಮರಾಠಿ ವಾಕ್ಯಗಳನ್ನು ಅವಳು ತಪ್ಪಿಲ್ಲದೆ ಒಪ್ಪಿಸಿದಳು. ಮಕ್ಕಳು ಅವಳ ಮುಖವನ್ನು ನೋಡಿದರು, ಹಾಳೆಯನ್ನು ನೋಡಿದರು. ಅಷ್ಟರಲ್ಲಿ ಕೋಳಿಯೊಂದು ಮರಿಗಳೊಡನೆ ಅಂಗಳವನ್ನು ಹಾಯ್ದುಹೋಯಿತು. ಒಬ್ಬ ಹುಡುಗ ಎದ್ದ, ಅವನ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ. ನಮ್ಮ ಹುಡುಗಿ ಆನೆಯ ಚಿತ್ರವನ್ನು ಎತ್ತಿ ಹಿಡಿದುಕೊಂಡು ಒಬ್ಬಳೇ ನಿಂತಳು. ನಮಗೆ ಒಳಗೊಳಗೇ ಸಮಾಧಾನವಾಯಿತೆಂದು ಹೇಳಿದರೆ ವಾಚಕರು ಕ್ಷಮಿಸಬೇಕು. ತಮ್ಮನು ವಹಿಸಿದ ಕೆಲಸವನ್ನು ಕೋಳಿಯೇ ಮಾಡಿತೆಂದುಕೊಂಡೆವು.

ಬಾಯಿಯು ಏನೂ ಹೇಳಲಿಲ್ಲ. ಒಂದು ಮೊರವನ್ನು ತಂದು, ನಮ್ಮ ಚೀಲದ ಚಿಪ್ಪುಗಳನ್ನು ಅದರೊಳಗೆ ಸುರಿದುಕೊಂಡು, ಅಂಗಳದ ನಡುವೆ ಕುಳಿತು ಸುಮ್ಮನೆ ಆರಿಸತೊಡಗಿದಳು. ಮೊದಲು ಎದ್ದುಹೋಗಿದ್ದ ಹುಡುಗನೇ ಮೊದಲು ಹಿಂದಿರುಗಿದನು. ಸ್ವಲ್ಪ ಹೊತ್ತಿನಲ್ಲಿ ಏಳು ಮಕ್ಕಳು ಮೊರದ ಸುತ್ತ ಇದ್ದರು. ಆ ಹುಡುಗ ದೊಡ್ಡ ಚಿಪ್ಪುಗಳನ್ನು ಒಂದು ಸಾಲಾಗಿ ಜೋಡಿಸುತ್ತ, ನಡುವೆ ಒಂದು ಚಿಕ್ಕದನ್ನು ಇಟ್ಟನು. ನಮ್ಮ ಹುಡುಗಿಯ ಕೈ ತಟ್ಟನೆ ಮುಂದಕ್ಕೆ ಹೋಯಿತು. ಬಾಯಿಯು ಮೆಲ್ಲನೆ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಹುಡುಗ ಮತ್ತೆ ಮೂರು ನಾಲ್ಕು ಚಿಪ್ಪುಗಳನ್ನಿಟ್ಟ. ಹಿಂದಕ್ಕೆ ಸರಿದು ನೋಡಿದ. ತಲೆಯನ್ನು ಓರೆ ಮಾಡಿದ. ಆಮೇಲೆ ತಾನಾಗಿಯೇ ಆ ಚಿಕ್ಕದನ್ನು ತೆಗೆದು ಬೇರೆಯಿಟ್ಟ. ಅದುವರೆಗೂ ಬಾಯಿಯು ಕೈಯನ್ನು ಬಿಡಲಿಲ್ಲ.

ನಮಗೆ ನಮ್ಮ ತರಗತಿಗಳ ನೆನಪಾಯಿತು. ಹುಡುಗನು ಸಂಧಿಯನ್ನು ಬಿಡಿಸಲು ಬಾಯಿ ತೆರೆಯುವಷ್ಟರಲ್ಲಿ ನಾವೇ ಬಿಡಿಸಿ, ‘ತಿಳಿಯಿತೇ?’ ಎಂದು ಕೇಳಿ ಮುಂದಕ್ಕೆ ಹೋದ ದಿನಗಳೆಷ್ಟೋ. ನಮ್ಮ ಮಣಿಕಟ್ಟನ್ನು ಯಾರೂ ಹಿಡಿದಿರಲಿಲ್ಲ.

ಹೊರಡುವ ಹೊತ್ತಿಗೆ ಮಗುವನ್ನು ಕರೆದೊಯ್ಯಲು ಬಂದ ತಂದೆಯೊಬ್ಬನು, ಅಕ್ಷರ ಯಾವಾಗ ಕಲಿಸುತ್ತೀರಿ, ದಿನವೂ ಚಿಪ್ಪು, ಬೀಜ ಆಡಿಸುವುದೇ ಆಯಿತಲ್ಲ, ಎಂದು ಕೇಳಿದನು. ಬಾಯಿಯು ನಕ್ಕಳಷ್ಟೆ, ಆಕೆಗೆ ಮಾಡಿ ಗೊತ್ತು, ಹೇಳಿ ಗೊತ್ತಿಲ್ಲ. ಆಗ ನಮ್ಮ ಹುಡುಗಿ ಮುಂದೆ ಬಂದಳು. ಬೆರಳ ತುದಿಯಿಂದ ಚಿಪ್ಪನ್ನು ಎತ್ತಿದ ಕೈಗೇ ನಾಳೆ ಬಳಪ ಹಿಡಿಯುವ ಬಲ ಬರುತ್ತದೆಂದೂ, ಹೆಚ್ಚು ಕಡಿಮೆಗಳನ್ನು ಕಣ್ಣಿನಿಂದ ಬೇರ್ಪಡಿಸಬಲ್ಲ ಮಗುವಿಗೆ ಅಂಕಿಯ ಅರ್ಥ ತಿಳಿಯುತ್ತದೆಂದೂ, ಇಲ್ಲದಿದ್ದರೆ ಅದು ಬರಿಯ ಬಾಯಿಪಾಠವೆಂದೂ ಹೇಳಿದಳು. ನಾವು ಮರಾಠಿಗೆ ತಿರುಗಿಸಿದೆವು. ಆತನು ಮಗನ ಬೆರಳುಗಳನ್ನು ಹಿಡಿದು ನೋಡುತ್ತ ಹೋದನು. ಬಾಯಿಯೂ ಕಿವಿಗೊಟ್ಟು ಕೇಳಿದಳು. ವಿಶ್ವವಿದ್ಯಾಲಯದ ವಿದ್ಯೆಗೆ ಅಂಗಳದಲ್ಲಿ ಏನು ಕೆಲಸವೆಂಬ ನಮ್ಮ ಸಂದೇಹಕ್ಕೆ ಅಲ್ಲಿ ಒಂದು ಉತ್ತರ ದೊರಕಿತು.

ರಾತ್ರಿ ಊಟವಾದ ಮೇಲೆ ಅವಳು ನಮ್ಮ ಬಳಿ ಬಂದು ಕುಳಿತು, “ದೊಡ್ಡಪ್ಪ, ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬೇಕು ಎಂದು ಪರೀಕ್ಷೆಯಲ್ಲಿ ನಾನೇ ಎರಡು ಪುಟ ಬರೆದಿದ್ದೇನೆ. ಕೈ ಮಾತ್ರ ಕೇಳಲಿಲ್ಲ” ಎಂದಳು. ಬುದ್ಧಿ ಹೇಳಬೇಕೆಂದಿದ್ದ ನಾವು, “ಕೈಗೆ ಬುದ್ಧಿ ಬರುವುದಕ್ಕೆ 4 ವರ್ಷ ಹೆಚ್ಚೇನಲ್ಲಮ್ಮ” ಎಂದುಬಿಟ್ಟೆವು.

ಮರುದಿನ ಭಾನುವಾರ, ಕೋಸಬಾಡದ ಗುಡ್ಡವನ್ನು ಹತ್ತಿದೆವು. ತಾರಾಬಾಯಿಯವರೂ ಅನುತಾಯಿಯವರೂ 1957ರಲ್ಲಿ ಬೋರ್ಡಿಯಿಂದ ತಮ್ಮ ಕಾರ್ಯವನ್ನು ಸಾಗಿಸಿಕೊಂಡು ಬಂದದ್ದು ಇಲ್ಲಿಗೆ. ತಾರಾಬಾಯಿಯವರು 1973ರವರೆಗೆ ಬದುಕಿದ್ದರು, ಅನುತಾಯಿಯವರು 1992ರವರೆಗೆ. ರಜೆಯಾದುದರಿಂದ ಗುಡ್ಡವು ನಿಶ್ಶಬ್ದವಾಗಿತ್ತು. ಮರದ ಕೆಳಗೆ ಕುಳಿತು ಹುಡುಗಿಯರು ಹಿಂದಿನ ದಿನದ ಟಿಪ್ಪಣಿಗಳನ್ನು ಹೋಲಿಸಿಕೊಂಡರು. ಒಂದೇ ಮಗುವನ್ನು 20 ನಿಮಿಷ ನೋಡಿ, ಅದು ಮಾಡಿದ್ದನ್ನು ಮಾತ್ರ ಬರೆಯಬೇಕು, ತಮ್ಮ ಅಭಿಪ್ರಾಯವನ್ನು ಸೇರಿಸಬಾರದು ಎಂಬುದು ಅವರ ಅಭ್ಯಾಸ. ಸಹಪಾಠಿಯು ಒಂದು ಕಡೆ ‘ಹಟಮಾರಿ’ ಎಂದು ಬರೆದಿದ್ದಳು. ನಮ್ಮ ಹುಡುಗಿ, “ಹಟ ಕಣ್ಣಿಗೆ ಕಾಣುತ್ತದೆಯೇನೆ? ಏನು ಮಾಡಿದನೋ ಅದನ್ನು ಬರೆ” ಎಂದಳು. ಆಕೆ ಅದನ್ನು ಹೊಡೆದುಹಾಕಿ, ‘ಕರೆದಾಗ ಮೂರು ಸಲ ತಿರುಗಿ ನೋಡಲಿಲ್ಲ, ಚಿಪ್ಪನ್ನು ಕಿವಿಗೆ ಹಿಡಿದುಕೊಂಡಿದ್ದನು’ ಎಂದು ಬರೆದಳು. ನಮ್ಮ ವೃತ್ತಿಜೀವನದಲ್ಲಿ ಎಷ್ಟು ಹುಡುಗರ ಪ್ರಗತಿಪತ್ರಗಳಲ್ಲಿ ನಾವು ಆ ಒಂದೇ ಶಬ್ದವನ್ನು ಬರೆದು ಸಹಿ ಹಾಕಿದ್ದೆವೋ!

ತಮ್ಮನ ಚಿಂತೆಯು ನಿರಾಧಾರವೆಂದು ನಾವು ಹೇಳುವುದಿಲ್ಲ. ಅಂಗನವಾಡಿಯ ಕಾರ್ಯಕರ್ತೆಗೆ ಇಂದಿಗೂ ದೊರೆಯುವುದು ಸಂಬಳವಲ್ಲ, ಗೌರವಧನ. ಮಗುವು ಮೊದಲನೆಯ ತರಗತಿಗೆ ಬರುವಾಗ ಎಲ್ಲವನ್ನೂ ಕಲಿತಿರಬೇಕೆನ್ನುವ ಗೃಹಸ್ಥರೇ, ಅದಕ್ಕೆ ಮೊದಲು ಕಲಿಸಿದವಳಿಗೆ ಏನು ಸಿಕ್ಕಿತೆಂದು ಕೇಳುವುದಿಲ್ಲ.

ಊರಿಗೆ ಹಿಂದಿರುಗಿದಾಗ ತಮ್ಮನು ನಿಲ್ದಾಣಕ್ಕೆ ಬಂದಿದ್ದನು. ಮಗಳು ಸಾಮಾನುಗಳನ್ನು ಎಣಿಸುತ್ತಿದ್ದಾಗ ನಮ್ಮನ್ನು ಪಕ್ಕಕ್ಕೆ ಕರೆದು, “ಏನೆಂದಳು, ಅಣ್ಣಯ್ಯ?” ಎಂದನು. ನಾಲ್ಕನೆಯ ವರ್ಷದ ಶುಲ್ಕವನ್ನು ಕಟ್ಟಲು ಇನ್ನು ಹದಿನೈದು ದಿನಗಳಿವೆಯಂತೆ ಎಂದು ತಿಳಿಸಿ, ಚಿಪ್ಪಿನ ಚೀಲ ಭಾರವಾಗಿತ್ತಾದ್ದರಿಂದ ಅದನ್ನು ಅವನ ಕೈಗೆ ಕೊಟ್ಟೆವು.