ಕಾಲೇಜ್ ಸ್ಟೇಷನ್ನಿನ ಕಂಚಿನ ನಾಯಿ

ಮೊಮ್ಮಗಳನ್ನು ನೋಡಲು ಹ್ಯೂಸ್ಟನ್ನಿಗೆ ಬಂದ ಅಪ್ಪನಿಗೆ ಹದಿನೈದೇ ದಿನಕ್ಕೆ ಬೇಜಾರು ಹಿಡಿಯಿತು. ಮಾಲ್ ಬೇಡ, ನಾಸಾ ನೋಡಿಯಾಯ್ತು. ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಇಷ್ಟವಾಗಬಹುದು ಅಂತ ಒಂದು ಶನಿವಾರ ಕಾಲೇಜ್ ಸ್ಟೇಷನ್ನಿಗೆ ಕರೆದೊಯ್ದೆ. ಹೆಸರಿಗೆ ಸ್ಟೇಷನ್ನು, ಅದೊಂದು ವಿಶ್ವವಿದ್ಯಾಲಯದ ಊರು. ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ (ಅಪ್ಪ ಬುಷ್, ಮಗನಲ್ಲ) ಅವರ ಗ್ರಂಥಾಲಯ, ವಸ್ತುಸಂಗ್ರಹಾಲಯ, ಸಮಾಧಿ ಎಲ್ಲವೂ ಅಲ್ಲೇ ಇವೆ.

ಒಳಗೆ ಅವೆಂಜರ್ ಯುದ್ಧವಿಮಾನವಿದೆ. ಅಂಥದ್ದನ್ನೇ ಹಾರಿಸುತ್ತಿದ್ದ ಬುಷ್, 1944ರ ಸೆಪ್ಟೆಂಬರ್ 2ರಂದು ಚಿಚಿಜಿಮಾ ದ್ವೀಪದ ಬಳಿ ಜಪಾನೀಯರ ಗುಂಡೇಟಿಗೆ ಸಿಕ್ಕಿ, ಪ್ಯಾರಾಚೂಟಿನಲ್ಲಿ ಸಮುದ್ರಕ್ಕಿಳಿದು ಬದುಕಿದರು. ಜೊತೆಗಿದ್ದ ಇಬ್ಬರು ಉಳಿಯಲಿಲ್ಲ. ಆಗವರಿಗೆ ಇಪ್ಪತ್ತು ವರ್ಷ.

ಆದರೆ ಅಪ್ಪ ಹೆಚ್ಚು ಹೊತ್ತು ನಿಂತದ್ದು ವಿಮಾನದ ಮುಂದಲ್ಲ, ಸಲ್ಲಿ ಎಂಬ ಲ್ಯಾಬ್ರಡಾರ್ ನಾಯಿಯ ಕಂಚಿನ ಪ್ರತಿಮೆಯ ಮುಂದೆ. "ಇದಕ್ಕೂ ಪ್ರತಿಮೇನಾ?" ಅಂದರು. ಕಥೆ ಹೇಳಿದೆ.

2018ರ ಏಪ್ರಿಲಿನಲ್ಲಿ ಹೆಂಡತಿ ಬಾರ್ಬರಾ ತೀರಿಕೊಂಡರು. ಗಾಲಿಕುರ್ಚಿಯಲ್ಲಿದ್ದ ಬುಷ್ ಬಳಿಗೆ ಜೂನ್‌ನಲ್ಲಿ ಸಲ್ಲಿ ಬಂತು. ಮಾಜಿ ಸೈನಿಕರಿಗೆ ನಾಯಿಗಳನ್ನು ಪಳಗಿಸಿ ಕೊಡುವ ಅಮೆರಿಕಾಸ್ ವೆಟ್‌ಡಾಗ್ಸ್ ಸಂಸ್ಥೆ ಕೊಟ್ಟದ್ದು. ಬಿದ್ದ ವಸ್ತು ಎತ್ತಿಕೊಡುವುದು, ಬಾಗಿಲು ತೆಗೆಯುವುದು ಅದರ ಕೆಲಸ. ನವೆಂಬರ್ 30ಕ್ಕೆ ಬುಷ್ ಕೂಡ ಹೋದರು. ಧ್ವಜ ಹೊದಿಸಿದ ಶವಪೆಟ್ಟಿಗೆಯ ಮುಂದೆ ನಾಯಿ ಮಲಗಿರುವ ಫೋಟೊ ನೀವೂ ನೋಡಿರಬಹುದು.

ನನಗೆ ಆ ಫೋಟೊಕ್ಕಿಂತ ಹಿಡಿಸಿದ್ದು ಮುಂದಿನದು. ಸಲ್ಲಿಯನ್ನು ನೆನಪಿನ ಕಾಣಿಕೆ ಅಂತ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ, ಗಾಯಾಳು ಯೋಧರ ಹತ್ತಿರ ಡ್ಯೂಟಿಗೆ ಕಳಿಸಿದರು. ಯಜಮಾನನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಇನ್ನೊಂದು ವಿಷಯ. ಇಂಥ ನಾಯಿಯನ್ನು ಹೋಟೆಲು, ಅಂಗಡಿ ಯಾರೂ ಹೊರಗಟ್ಟುವಂತಿಲ್ಲ. ಅಂಗವಿಕಲತೆಯ ಕಾರಣಕ್ಕೆ ಬೇಕಾದ ನಾಯಿಯಾ, ಯಾವ ಕೆಲಸ ಕಲಿತಿದೆ, ಈ ಎರಡೇ ಪ್ರಶ್ನೆ ಕೇಳಬಹುದು, ಕಾಗದಪತ್ರ ಕೇಳಕೂಡದು. ಆ ಹಕ್ಕಿಗೆ ಬುನಾದಿಯಾದ ಅಂಗವಿಕಲರ ಕಾಯ್ದೆಗೆ 1990ರ ಜುಲೈ 26ರಂದು ಸಹಿ ಹಾಕಿದ್ದು ಇದೇ ಬುಷ್. ತನಗೇ ಒಂದು ದಿನ ಇಂಥ ನಾಯಿ ಬೇಕಾಗುತ್ತದೆಂದು ಆಗ ಅಂದುಕೊಂಡಿರಲಿಕ್ಕಿಲ್ಲ.

"ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ ಸರಿ," ಅಂದರು ಅಪ್ಪ. "ಮೈ ಕೈ ನೆಟ್ಟಗಿರೋರಿಗೆ?"

ಯುದ್ಧದ ನೆನಪು ಬಿಡದೆ ಕಾಡುವವರಿಗೂ ಕೊಡ್ತಾರೆ ಅಂದೆ. ಜನಜಂಗುಳಿಯಲ್ಲಿ ಯಜಮಾನನಿಗೂ ಜನರಿಗೂ ಮಧ್ಯೆ ಅಡ್ಡ ನಿಲ್ಲುತ್ತೆ, ಕೆಟ್ಟ ಕನಸು ಬಿದ್ದರೆ ಎಬ್ಬಿಸುತ್ತೆ. ಅಪ್ಪ ಏನೂ ಹೇಳಲಿಲ್ಲ. ಕಂಚಿನ ತಲೆಯನ್ನು ಒಮ್ಮೆ ಸವರಿದರು.

ಹಿಂಭಾಗದ ಕೊಳ ದಾಟಿದರೆ ಸಮಾಧಿ. ಬುಷ್, ಬಾರ್ಬರಾ, ಮೂರನೇ ವಯಸ್ಸಿಗೇ ರಕ್ತದ ಕ್ಯಾನ್ಸರಿಗೆ ಬಲಿಯಾದ ಮಗಳು ರಾಬಿನ್. ಅಪ್ಪ ಚಪ್ಪಲಿ ಬಿಟ್ಟು, ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆದರು. ಪಕ್ಕದಲ್ಲಿದ್ದ ಹುಡುಗರು ಫೋನು ಕೆಳಗಿಳಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ಆ ನಾಯಿ ಹೇಗೆ ಎಬ್ಬಿಸುತ್ತೆ?"

"ಮೂತಿಯಿಂದ ತಿವಿಯುತ್ತಂತೆ. ಲೈಟ್ ಹಾಕೋದು, ಹೊದಿಕೆ ಎಳೆಯೋದನ್ನೂ ಕಲಿಸ್ತಾರೆ."

"ಹತ್ತಿರ ಹೋದ್ರೆ ಅವನು ಹೊಡೆದುಬಿಟ್ರೆ?"

ನಾನು ಸುಮ್ಮನಾದೆ. ಚಿಕ್ಕಂದಿನಲ್ಲಿ ಎಷ್ಟೋ ರಾತ್ರಿ ಅವರ ಕೋಣೆಯಿಂದ ಕೂಗು ಕೇಳಿದ್ದೆ. ಬೆಳಿಗ್ಗೆ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

"ನಿಮ್ಮಮ್ಮ ಬಾಗಿಲ ಹತ್ರ ನಿಂತು ಕರೀತಾಳೆ," ಅಂದರು ಅಪ್ಪ. "ಈಗಲೂ."